ಬೆರಳಿನ ಗೆಣ್ಣು ಕಪ್ಪಾಗಿದೆಯಾ? ಕ್ರೀಮ್ ಕೊಳ್ಳುವ ಮೊದಲು ಇದನ್ನು ಓದಿ

ಕೈಯನ್ನು ಒಮ್ಮೆ ಕಿಟಕಿ ಹತ್ತಿರ ಹಗಲು ಬೆಳಕಿಗೆ ಹಿಡಿದು ನೋಡಿ. ಬೆರಳುಗಳ ಗೆಣ್ಣಿನ ಮೇಲೆ ಮಸಿ ಬಳಿದ ಹಾಗೆ ಕಪ್ಪಾಗಿದೆಯಾ? ಅಂಗೈ ಗೆರೆಗಳೂ ಕಪ್ಪಿಟ್ಟಿವೆಯಾ? ನಾಲಿಗೆಯ ತರಿ ಹೋಗಿ, ನುಣ್ಣಗೆ ಕೆಂಪಗಾಗಿ, ಸಾರಿನ ಖಾರ ಸೋಕಿದರೂ ಉರಿಯುತ್ತದಾ? ನಮ್ಮ ಮೈಬಣ್ಣದವರಿಗೆ ಗೆಣ್ಣು ಹುಟ್ಟಿನಿಂದಲೇ ಒಂದು ಛಾಯೆ ಕಪ್ಪಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಈಚಿನ ಕೆಲವು ತಿಂಗಳಲ್ಲಿ ಹೊಸದಾಗಿ ಕಪ್ಪಾಗಿದ್ದರೆ, ಜೊತೆಗೆ ಸುಸ್ತು, ಪಾದದಲ್ಲಿ ಜೋಮು ಇದ್ದರೆ, ಮೊದಲು ಅನುಮಾನಿಸಬೇಕಾದ್ದು ವಿಟಮಿನ್ ಬಿ12 ಕೊರತೆಯನ್ನು.

ಇದೇನೂ ಹೊಸ ವಿಷಯವಲ್ಲ. ವೆಲ್ಲೂರಿನ ವೈದ್ಯರು 1963ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆದರೂ ಇವತ್ತಿಗೂ ಜನ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ, ಕೊಳ್ಳುವುದು 'ಬೆಳ್ಳಗಾಗುವ' ಕ್ರೀಮನ್ನು. ಚೀಟಿ ಇಲ್ಲದೆ ಕೈಗೆ ಸಿಗುವ ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ಎರಡು ವಾರ ಬಣ್ಣ ತಿಳಿಯಾದಂತೆ ಕಾಣುತ್ತದೆ. ಅದನ್ನೇ ಮುಖಕ್ಕೂ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಬೆಳೆಯುತ್ತದೆ. ಬಿಟ್ಟ ಕೂಡಲೇ ಉರಿ ಶುರು. ಒಳಗಿನ ಕೊರತೆ ಮಾತ್ರ ಇದ್ದಲ್ಲೇ ಇರುತ್ತದೆ, ಅಷ್ಟು ದಿನದಲ್ಲಿ ನರಗಳಿಗೆ ಪೆಟ್ಟು ಬಿದ್ದಿರುತ್ತದೆ.

ಕತ್ತು, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗಾಗಿ ಕಪ್ಪಾಗಿದ್ದರೆ ಅದರ ದಾರಿ ಬೇರೆ. ಅಲ್ಲಿ ನೋಡಬೇಕಾದ್ದು ತೂಕ ಮತ್ತು ಸಕ್ಕರೆ ಅಂಶ.

ಬಿ12 ಸೊಪ್ಪಿನಲ್ಲಿಲ್ಲ, ರಾಗಿಯಲ್ಲಿಲ್ಲ, ಬೇಳೆಯಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು ಸುಮಾರು 2 ಮೈಕ್ರೊಗ್ರಾಂ. ಒಂದು ದೊಡ್ಡ ಲೋಟ, ಅಂದರೆ 250 ಮಿಲಿ ಹಾಲಿನಲ್ಲಿ ಸಿಗುವುದು ಹೆಚ್ಚುಕಮ್ಮಿ 1 ಮೈಕ್ರೊಗ್ರಾಂ. ಕಾಫಿಗೆ ಬೀಳುವ ಅರ್ಧ ಲೋಟ ಹಾಲು, ನೀರು ಬೆರೆಸಿದ ಮಜ್ಜಿಗೆ ಎಣಿಸಿಕೊಂಡು 'ನಾವು ಹಾಲು ಮೊಸರು ತಿಂತೀವಲ್ಲ' ಅನ್ನುವ ಮನೆಗಳಲ್ಲೇ ಕೊರತೆ ಜಾಸ್ತಿ ಕಾಣುತ್ತದೆ. ಸ್ಪಿರುಲಿನಾ ಪುಡಿಯಲ್ಲಿ ಬಿ12 ಇದೆ ಅಂತ ಮಾರುತ್ತಾರೆ, ಅದರಲ್ಲಿ ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪದ್ದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ ಅಂತ ದಿನಾ ಬೆಳಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರು ಮಾಂಸಾಹಾರಿಗಳಾದರೂ ಪರೀಕ್ಷೆ ಮಾಡಿಸಿಕೊಳ್ಳಿ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುವುದರಿಂದ ಇದು ಸದ್ದಿಲ್ಲದೆ ಕರಗುತ್ತದೆ, ಗೊತ್ತಾಗುವುದು ತಡವಾಗಿ.

ಪರೀಕ್ಷೆ ಮಾತ್ರೆಗಿಂತ ಮೊದಲು ಆಗಬೇಕು. ಒಂದು ಇಂಜೆಕ್ಷನ್ ಆದಮೇಲೆ ರಕ್ತ ಕೊಟ್ಟರೆ ಸಂಖ್ಯೆ ಆಕಾಶಕ್ಕೇರಿರುತ್ತದೆ, ಏನೂ ತಿಳಿಯುವುದಿಲ್ಲ. ಬಿ12 ಪ್ರತಿ ಮಿಲಿಗೆ 200 ಪಿಕೊಗ್ರಾಂಗಿಂತ ಕಡಿಮೆ ಬಂದರೆ ಕೊರತೆ. 200ರಿಂದ 300ರ ನಡುವೆ ಇದ್ದು ಲಕ್ಷಣಗಳೂ ಇದ್ದರೆ ಬಿ12 ಸಾಲದಾದಾಗ ರಕ್ತದಲ್ಲಿ ಏರುವ ಹೋಮೊಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಸಿಡ್ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ರಕ್ತಕಣದ ಗಾತ್ರ, ಅಂದರೆ ಎಂಸಿವಿ, 100 ದಾಟಿಲ್ಲ ಅಂತ ಬಿ12 ಸರಿ ಇದೆ ಎಂದುಕೊಳ್ಳಬೇಡಿ. ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಬಿ12 ಕೊರತೆ ಕಣವನ್ನು ದೊಡ್ಡದು ಮಾಡುತ್ತದೆ, ಕಬ್ಬಿಣದ ಕೊರತೆ ಸಣ್ಣದು ಮಾಡುತ್ತದೆ, ಸರಾಸರಿ ಸರಿಯಾಗೇ ಕಾಣುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಎರಡೂ ಒಟ್ಟಿಗಿರುವುದೇನೂ ಅಪರೂಪವಲ್ಲ.

ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ಹತ್ತು ದಿನ ಒಂದು ಬಿ ಕಾಂಪ್ಲೆಕ್ಸ್ ನುಂಗಿ ಬಿಟ್ಟುಬಿಡುತ್ತಾರೆ. ಅದರಲ್ಲಿರುವ ಕೆಲವೇ ಮೈಕ್ರೊಗ್ರಾಂನಿಂದ ಖಾಲಿಯಾದ ಕಣಜ ತುಂಬುವುದಿಲ್ಲ. ನರದ ಲಕ್ಷಣ ಇದ್ದರೆ ವೈದ್ಯರು ಸಾಮಾನ್ಯವಾಗಿ 1000 ಮೈಕ್ರೊಗ್ರಾಂ ಇಂಜೆಕ್ಷನ್ನನ್ನು ಮೊದಲ ಎರಡು ವಾರ ದಿನ ಬಿಟ್ಟು ದಿನ ಕೊಟ್ಟು, ಆಮೇಲೆ ಅಂತರ ಹೆಚ್ಚಿಸುತ್ತಾರೆ. ಇಲ್ಲದಿದ್ದರೆ ದಿನಕ್ಕೆ 1000 ಮೈಕ್ರೊಗ್ರಾಂ ಮಾತ್ರೆಯೂ ಸಾಕಾಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿಯೇ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ, ಅಷ್ಟೇ ದಿನದ ಅಗತ್ಯಕ್ಕಿಂತ ಜಾಸ್ತಿ. ಗೆಣ್ಣಿನ ಕಪ್ಪು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಿಳಿಯಾಗುತ್ತದೆ. ನಡುವೆ ಕೆಲವರಿಗೆ ಮೊಡವೆ ಏಳಬಹುದು, ಗಾಬರಿಯಾಗಿ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ. ಬಿ12 ನೋಡದೆ ಫೋಲಿಕ್ ಆಸಿಡ್ ಒಂದನ್ನೇ ನುಂಗುವುದು ಅಪಾಯ. ರಕ್ತದ ವರದಿ ಸುಧಾರಿಸುತ್ತದೆ, ನರ ಹಾಳಾಗುತ್ತಲೇ ಹೋಗುತ್ತದೆ.

ಮಕ್ಕಳ ಕೆನ್ನೆಯ ಮೇಲಿನ ಮಾಸಲು ಬಿಳಿ ಮಚ್ಚೆ ಕ್ಯಾಲ್ಸಿಯಂ ಕೊರತೆಯಲ್ಲ, ಜಂತುಹುಳುವೂ ಅಲ್ಲ. ಅದು ಒಣ ಚರ್ಮದ ಸೌಮ್ಯ ಎಕ್ಸಿಮಾ. ದಿನಾ ಎರಡು ಹೊತ್ತು ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿಗೆ ಟೋಪಿ ಹಾಕಿ. ಮಚ್ಚೆ ಹಾಲಿನ ಹಾಗೆ ಅಚ್ಚ ಬಿಳಿಯಾಗಿ, ಅಂಚು ಸ್ಪಷ್ಟವಾಗಿದ್ದರೆ ಮಾತ್ರ ತೊನ್ನು ಇರಬಹುದೇ ಅಂತ ಚರ್ಮವೈದ್ಯರಿಗೆ ತೋರಿಸಿ. ಕಟವಾಯಿ ಮತ್ತೆ ಮತ್ತೆ ಒಡೆಯುತ್ತಿದ್ದರೆ ಬಿ2, ಕಬ್ಬಿಣ ಎರಡನ್ನೂ ಯೋಚಿಸಿ. ವಯಸ್ಸಾದವರಲ್ಲಾದರೆ ಹಲ್ಲಿನ ಸೆಟ್ಟು ಸಡಿಲವಾಗಿ ಜೊಲ್ಲು ನಿಂತು ಫಂಗಸ್ ಆಗಿರುವುದೇ ಹೆಚ್ಚು. ಕೂದಲಿಗೆ ಅಂತ ಬಯೋಟಿನ್ ನುಂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ, ಇಲ್ಲವಾದರೆ ವರದಿ ತಪ್ಪು ಬರಬಹುದು.

ಪೆಲ್ಲಾಗ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿ3, ಅಂದರೆ ನಯಾಸಿನ್ ಕೊರತೆ ಇದು. ಒಂದು ಕಾಲಕ್ಕೆ ಜೋಳದ ರೊಟ್ಟಿಯೊಂದರ ಮೇಲೇ ದಿನ ದೂಡುತ್ತಿದ್ದ ದಖ್ಖನ್ನಿನ ಬಡವರಲ್ಲಿ ಕಾಣಿಸುತ್ತಿತ್ತು. ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣ ಎಂಬ ವಾದ ಮಂಡಿಸಿದ್ದರು. ಇದನ್ನು ಓದಿ ಯಾರೂ ರೊಟ್ಟಿ ಬಿಡಬೇಡಿ. ಬೇಳೆ, ಶೇಂಗಾ ಚಟ್ನಿ, ಮೊಸರು ಜೊತೆಗಿದ್ದರೆ ಏನೂ ತೊಂದರೆಯಿಲ್ಲ. ಈಗ ಇದು ಬರುವುದು ಊಟ ಬಿಟ್ಟು ಕುಡಿಯುವವರಿಗೆ, ಮತ್ತು ಕೆಲವೊಮ್ಮೆ ಕ್ಷಯಕ್ಕೆ ಐಸೋನಿಯಜಿಡ್ ತಗೊಳ್ಳುವವರಿಗೆ. ಕತ್ತಿನ ಸುತ್ತ ಹಾರದ ಹಾಗೆ, ಮುಂಗೈ, ಪಾದದ ಮೇಲೆ, ಬಿಸಿಲು ಬೀಳುವ ಕಡೆಯೆಲ್ಲ ಚರ್ಮ ಸುಟ್ಟಂತೆ ಕಪ್ಪಾಗಿ ಸಿಪ್ಪೆ ಏಳುತ್ತದೆ. ಬಟ್ಟೆ ಮುಚ್ಚಿದ ಕಡೆ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಜೊತೆಗೆ ಭೇದಿ, ಮರೆವು, ಗೊಂದಲ ಶುರುವಾದರೆ ತಡ ಮಾಡುವ ಹಾಗೇ ಇಲ್ಲ. ಕ್ಷಯದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಕೊಟ್ಟವರಿಗೇ ತೋರಿಸಿ, ಬಿ3ಯ ಒಂದು ರೂಪವಾದ ನಿಕೋಟಿನಮೈಡ್ ಶುರುವಾದ ಕೆಲವೇ ದಿನಗಳಲ್ಲಿ ಚೇತರಿಕೆ ಕಾಣುತ್ತದೆ.

ಕೊನೆಯದಾಗಿ ಎದೆಹಾಲು ಕುಡಿಯುವ ಕೂಸಿನ ವಿಷಯ, ನನ್ನನ್ನು ಹೆಚ್ಚು ಕಾಡುವುದು ಇದೇ. ತಾಯಿಗೆ ಬಿ12 ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಮಗು ಗುಂಡಗೇ ಇರಬಹುದು, ಆದರೆ ಆರರಿಂದ ಹದಿನೆಂಟು ತಿಂಗಳ ಒಳಗೆ ಗೆಣ್ಣು ಕಪ್ಪಾಗುತ್ತದೆ, ಕೂದಲು ತೆಳುವಾಗಿ ಕಂದಾಗುತ್ತದೆ, ನಗುತ್ತಿದ್ದ ಮಗು ನಗುವುದನ್ನು, ಕೂರುತ್ತಿದ್ದ ಮಗು ಕೂರುವುದನ್ನು ಬಿಡುತ್ತದೆ, ಕೈಕಾಲು ನಡುಗುತ್ತವೆ. ಮನೆಯವರು ಬಿಸಿಲಿಗೆ ಕಪ್ಪಾಗಿದೆ ಅಂತ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಾರೆ. ಉಜ್ಜಬೇಡಿ. ಅದೇ ದಿನ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಮಗುವಿನ ಜೊತೆ ತಾಯಿಯ ರಕ್ತವನ್ನೂ ಪರೀಕ್ಷೆಗೆ ಕೊಡಿ.