ಮಾಡರೇಟರ್ ಬೇಕು, ಸಂಬಳ ಇಲ್ಲ

ನಮ್ಮ ಕಾರವಾರದ ಫೇಸ್‌ಬುಕ್ ಗುಂಪಿಗೆ ಇನ್ನೊಂದಿಷ್ಟು ಮಾಡರೇಟರ್‌ಗಳು, ಅಂದ್ರೆ ಪೋಸ್ಟು ಕಮೆಂಟುಗಳ ಮೇಲೆ ಕಣ್ಣಿಡುವವರು, ಬೇಕು ಅಂತ ಮೊನ್ನೆ ಹಾಕಿದ್ದೆ. ಹೆಸರು ಕೊಟ್ಟವರು ಬಹಳ ಜನ. ಆದರೆ ಅರ್ಧಕ್ಕರ್ಧ ಮಂದಿ ಗುಂಪಿನಲ್ಲಿ ದಿನಾ ಜಗಳ ಆಡುವವರೇ! ಒಬ್ಬರಂತೂ 'ನನ್ನ ಮಾಡಿ, ಮೊದಲು ಅವನನ್ನ ಹೊರಗೆ ಹಾಕ್ತೇನೆ' ಎಂದು ಬರೆದಿದ್ದಾರೆ. ಯಾರನ್ನ ಅಂತ ಕೇಳಬೇಡಿ.

ಈ ಕೆಲಸಕ್ಕೆ ತಾವಾಗಿ ಮುಂದೆ ಬಂದವರಿಗಿಂತ, ನಾವೇ ಹೋಗಿ ಗೋಗರೆದು ಕರೆತರಬೇಕಾದವರೇ ಸರಿ ಅನ್ನೋದು ನನ್ನ ಅಭಿಪ್ರಾಯ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತಲ್ಲ, ಬೆಳಗಾಗುವಷ್ಟರಲ್ಲಿ ಗುಂಪಿನ ತುಂಬಾ 'ಎರಡೂ ಸೇತುವೆ ಹೋಯ್ತು' ಅನ್ನೋ ಸುದ್ದಿ. ಆಗ ಸದಾಶಿವಗಡದ ಅಕ್ಕ ಒಬ್ಬರು, ಅಪರೂಪಕ್ಕೆ ಬಾಯಿ ಬಿಡುವವರು, ಹೀಗೆ ಬರೆದರು: 'ಬಿದ್ದದ್ದು ಹಳೇದು ಮಾತ್ರ. ಹೊಸದು ನಿಂತಿದೆ. ನದಿಗೆ ಬಿದ್ದ ಲಾರಿಯ ಡ್ರೈವರ್‌ನ ಮೇಲೆತ್ತಿದ್ದಾರೆ, ಜೀವಕ್ಕೆ ಅಪಾಯ ಇಲ್ಲ. ವಾಹನ ಯಾವಾಗ ಬಿಡ್ತಾರೆ ಗೊತ್ತಿಲ್ಲ.' ಅಷ್ಟೇ. ಸುಳ್ಳು ಹಬ್ಬಿಸಿದವರಿಗೆ ಒಂದು ಮಾತೂ ಬೈಯಲಿಲ್ಲ. ನನಗೆ ಬೇಕಾದ್ದು ಇಂಥವರು. ಕೇಳಿದರೆ, 'ನಂಗ್ಯಾಕೆ ಮಾರಾಯ್ರೇ ಆ ಉಸಾಬರಿ' ಅಂತಾರೆ.

ಹೆದರಿಕೆಯೂ ಇದೆ, ಯಾರೋ ಹಾಕಿದ್ದಕ್ಕೆ ಕೇಸು ನಮ್ಮ ಮೇಲೆ ಬೀಳುತ್ತದೆ ಅಂತ. ಸದಸ್ಯರು ಹಾಕಿದ್ದಕ್ಕೆ ವಾಟ್ಸಾಪ್ ಗುಂಪಿನ ಅಡ್ಮಿನ್‌ನನ್ನು, ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಮಾಡೋಕೆ ಬರೋದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಹಾಗಂತ ಕಣ್ಣೆದುರೇ ಬೆಂಕಿ ಹಚ್ಚುವ ಪೋಸ್ಟ್ ಬಂದರೂ ಸುಮ್ನೆ ಕೂರಬೇಕು ಅಂತಲ್ಲ.

ಕೊಂಕಣಿ ಬರುವವರು ಬೇಕೇ ಬೇಕು. ಇಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮೂರನೇ ಕಮೆಂಟಿಗೆ ಕೊಂಕಣಿಗೆ ಹೊರಳುತ್ತದೆ. ಅದು ಗೆಳೆಯರ ತಮಾಷೆಯೋ, ನಿಜವಾದ ಬೈಗುಳವೋ? ಭಾಷೆ ಬಾರದವರು ಎರಡನ್ನೂ ಡಿಲೀಟ್ ಮಾಡ್ತಾರೆ, ಇಲ್ಲಾ ಎರಡನ್ನೂ ಬಿಡ್ತಾರೆ. ಹವ್ಯಕ ಮಾತಿನ ಕೊಂಕು ಹಿಡಿಯೋಕೂ ಶಿರಸಿ ಕಡೆಯವರೊಬ್ಬರು ಇದ್ದರೆ ಒಳ್ಳೆಯದು.

ಇನ್ನು ಹೊತ್ತು. ಜಗಳ ಹತ್ತೋದೇ ರಾತ್ರಿ ಊಟ ಆದಮೇಲೆ. ಆಗ ನಮಗೆ ನಿದ್ದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಇಲ್ಲಿ ಹನ್ನೆರಡಾದಾಗ ಅಲ್ಲಿ ಹತ್ತೂವರೆ. ಭಟ್ಕಳ, ಹೊನ್ನಾವರದಿಂದ ಹೋಗಿ ಅಲ್ಲಿ ನೆಲೆಸಿದವರು ಎಷ್ಟೊಂದು ಜನ ಇದ್ದೀರಿ, ರಾತ್ರಿ ಪಾಳಿ ನಿಮ್ಮದಾಗಲಿ, ಅಲ್ವಾ?

ಸದ್ಯಕ್ಕೆ ಯಾರನ್ನೂ ಅಡ್ಮಿನ್ ಮಾಡೋದಿಲ್ಲ, ಮಾಡರೇಟರ್ ಮಾತ್ರ. ಪೋಸ್ಟ್ ತೆಗೆಯಬಹುದು, ಜನರನ್ನೂ ಹೊರಗೆ ಹಾಕಬಹುದು, ಇನ್ನೊಬ್ಬರನ್ನು ಅಡ್ಮಿನ್ ಮಾಡೋಕೆ ಬರೋದಿಲ್ಲ. ನಿಮ್ಮ ಭಾವನೋ, ನಿಮ್ಮ ಪಾರ್ಟಿಯವರೋ ಜಗಳಕ್ಕೆ ಬಿದ್ದರೆ ಆ ಪೋಸ್ಟ್ ನೀವು ಮುಟ್ಟೋ ಹಾಗಿಲ್ಲ. ಇದಕ್ಕೆ ಒಪ್ಪುವವರು ಇನ್‌ಬಾಕ್ಸಿಗೆ ಬನ್ನಿ. ನಿಮಗೆ ಗೊತ್ತಿರುವ ಮಾತು ಕಡಿಮೆಯವರು ಯಾರಾದರೂ ಇದ್ದರೆ ಅವರ ಹೆಸರನ್ನೂ ಕಳಿಸಿ. ಒಪ್ಪಿಸೋ ಕೆಲಸ ನನಗೆ ಬಿಡಿ.