ಅಪ್ಪೆಮಿಡಿಯ ಕಡ್ಡಿ ಮತ್ತು ಲಂಡನ್ನಿನ ಪಾಠ

ಲಂಡನ್ನಿನಲ್ಲಿ ಬೌದ್ಧಿಕ ಆಸ್ತಿ ಮತ್ತು ಮಾಹಿತಿ ಕಾನೂನಿನ ಸ್ನಾತಕೋತ್ತರ ಪದವಿ, ಎಲ್‌ಎಲ್‌ಎಂ ಓದುತ್ತಿದ್ದಾಗ ಒಂದು ಮಧ್ಯಾಹ್ನ ಸ್ಟಿಲ್ಟನ್ ಚೀಸಿನ ಪಾಠವಿತ್ತು. ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರು ಕೌಂಟಿಗಳಲ್ಲಿ ತಯಾರಾದರಷ್ಟೇ ಅದಕ್ಕೆ ಆ ಹೆಸರು. ಸ್ಟಿಲ್ಟನ್ ಅನ್ನುವ ಊರು ಇರುವುದು ಕೇಂಬ್ರಿಡ್ಜ್‌ಶೈರಿನಲ್ಲಿ, ಹಾಗಾಗಿ ಆ ಊರಿನವರೇ ಮಾಡಿದರೂ ಆ ಹೆಸರಿಟ್ಟು ಮಾರುವಂತಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ, ನಿಮ್ಮೂರಲ್ಲಿ ಇಂಥದ್ದೇನಿದೆ ಅಂದರು. ಅಪ್ಪೆಮಿಡಿ ಅಂದೆ, ಉಪ್ಪಿನಕಾಯಿ ಹಾಕುವ ನಮ್ಮ ಪರಿಮಳದ ಮಾವಿನ ಮಿಡಿ.

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಿನಲ್ಲಿರುವ ಅನಂತಭಟ್ಟನ ಅಪ್ಪೆ ಎಂಬ ತಳಿಯ ಮರದ ಬಗ್ಗೆ ಹೇಳಿದೆ. ತೊಟ್ಟು ಮುರಿದರೆ ಚಿಮ್ಮುವ ಸೊನೆಯ ಪರಿಮಳ, ನೆಲಕ್ಕೆ ಬೀಳದ ಹಾಗೆ ಮಿಡಿ ಕೊಯ್ಯುವುದು, ತೂಕ ಮಾಡದೆ ಎಣಿಸಿ ಮಾರುವುದು, ಎಲ್ಲ ಹೇಳಿದೆ. ಅಪ್ಪೆಮಿಡಿಗೆ ಜಿಐ, ಅಂದರೆ ಭೌಗೋಳಿಕ ಸೂಚಿಕೆಯ ನೋಂದಣಿ ಇದೆ ಎಂದೂ ಸೇರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ಹೆಸರನ್ನು ಬಳಸುವ ಹಕ್ಕು ಮರ ಹತ್ತುವವನಿಗೆ ಇದೆಯೇ?

ನನಗೆ ಗೊತ್ತಿರಲಿಲ್ಲ. ಶಿವಮೊಗ್ಗದಲ್ಲಿ ಎಲ್‌ಎಲ್‌ಬಿ ಓದುವಾಗ 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯನ್ನು ನೋಟ್ಸ್ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. ವ್ಯಾಖ್ಯೆ ಬರೆದರೆ ಐದು ಅಂಕ, ಲಕ್ಷಣ ಬರೆದರೆ ಹತ್ತು. ಹೆಸರು ನೋಂದಣಿಯಾದರೆ ಸಾಲದು, ಬೆಳೆಗಾರರು, ಉಪ್ಪಿನಕಾಯಿ ಮಾಡುವವರು ಅಧಿಕೃತ ಬಳಕೆದಾರರಾಗಿ ಬೇರೆಯೇ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ಚೆನ್ನೈನ ಜಿಐ ಕಚೇರಿಗೆ ಅರ್ಜಿ ಹೋಗಬೇಕು, ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಷ್ಟೂ ಅದೇ ಕಾಯ್ದೆಯಲ್ಲಿತ್ತು. ಅದನ್ನು ಹಿತ್ತಿಲಿನ ಮರದ ಪಕ್ಕ ಇಟ್ಟು ಓದಿ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಲಂಡನ್ನಿನ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಇದೇ. ಮೂರು ನಾಲ್ಕು ತೀರ್ಪು ಓದಿಕೊಂಡೇ ತರಗತಿಗೆ ಹೋಗಬೇಕು. ಮೇಷ್ಟ್ರು ಬರೆಸುವುದಿಲ್ಲ, ಕೇಳುತ್ತಾರೆ. ಒಂದೇ ವರ್ಷದ ಕೋರ್ಸಾದರೂ ಉಸಿರಾಡಲು ಬಿಡುವುದಿಲ್ಲ.

ಆದರೆ ಅಲ್ಲಿ ಕಲಿತದ್ದೆಲ್ಲ ನಮಗೆ ಹೊಂದುತ್ತದೆ ಎಂದು ನಾನು ಒಪ್ಪುವುದಿಲ್ಲ. ಹೊಸ ಸಸ್ಯ ತಳಿ ಬೆಳೆಸಿದವರ ಹಕ್ಕು ಕಾಯುವ ಅಂತರರಾಷ್ಟ್ರೀಯ ಒಪ್ಪಂದ ಯುಪಿಒವಿ, ಬ್ರಿಟನ್ನು ಅದರ 1991ರ ರೂಪಕ್ಕೆ ಬದ್ಧ. ಅಲ್ಲಿ ಹಕ್ಕು ಪಡೆದ ಗೋಧಿ ತಳಿಯ ಬೀಜವನ್ನು ರೈತ ತನ್ನ ಹೊಲದಿಂದಲೇ ಎತ್ತಿಟ್ಟುಕೊಂಡು ಮತ್ತೆ ಬಿತ್ತಿದರೂ, ಸಣ್ಣ ಹಿಡುವಳಿದಾರನಲ್ಲದಿದ್ದರೆ ತಳಿ ಬೆಳೆಸಿದವರಿಗೆ ಹಣ ಕಟ್ಟಬೇಕು. ನಮ್ಮ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಂ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತನ ಕೈಯಲ್ಲೇ ಇಟ್ಟಿದೆ, ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ ಅಷ್ಟೆ. ಇದನ್ನು ಹಿಂದುಳಿದ ಕಾನೂನು ಎಂದು ನನ್ನ ಸಹಪಾಠಿಯೊಬ್ಬ ವಾದಿಸಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. ಕಸಿ ಮಾಡಲು ಕಡ್ಡಿ ಕೇಳಿಕೊಂಡು ಯಾರೇ ಬಂದರೂ ಕೊಯ್ದು ಕೊಡುತ್ತಿದ್ದರು. ಹಾಗೆ ಕೊಟ್ಟರೆ ನಮಗೇನು ಬಂತು ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಕೊಡದೇ ಇದ್ರೆ ಮರ ಬಿದ್ದ ದಿನ ಜಾತಿನೇ ಹೋಯ್ತಲ್ಲೋ ತಮ್ಮಾ" ಅಂದಿದ್ದರು. ಹೊಳೆ ದಂಡೆಯ ಎಷ್ಟೋ ಅಪ್ಪೆ ಮರಗಳು ಶರಾವತಿಯ ಹಿನ್ನೀರಿಗೆ ಹೋದದ್ದನ್ನು ಕಂಡವರು ಅವರು. ಹೆಸರಿಗೆ ಬೇಲಿ ಇರಲಿ, ಕಡ್ಡಿಗೆ ಬೇಡ. ನಮ್ಮ ಕಾನೂನಿನಲ್ಲಿ ಎರಡಕ್ಕೂ ಜಾಗವಿದೆ, ಇದು ಸಣ್ಣ ಮಾತಲ್ಲ.

ಮಾಹಿತಿ ಕಾನೂನಿಗೂ ಮಲೆನಾಡಿಗಿಂತ ಒಳ್ಳೆಯ ಪಾಠಶಾಲೆ ಎಲ್ಲಿದೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಮುಳುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಜಮೀನಿನ ಕಾಗದ ಹುಡುಕುತ್ತಿದ್ದಾರೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬ್ರಿಟನ್ನಿನಲ್ಲಿ ಅರ್ಜಿಗೆ ಶುಲ್ಕವಿಲ್ಲ, ಗಡುವು ಇಪ್ಪತ್ತು ಕೆಲಸದ ದಿನ. ಬೇರೊಬ್ಬರ ವೈಯಕ್ತಿಕ ವಿವರವಾದರೆ ಕೇಳುವವನ ನ್ಯಾಯವಾದ ಅಗತ್ಯವನ್ನೂ ತೂಗಿ ನೋಡುತ್ತಾರೆ. ನಮ್ಮಲ್ಲಿ 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ವೈಯಕ್ತಿಕ ವಿವರವನ್ನು ಯಾವಾಗ ನಿರಾಕರಿಸಬಹುದು ಎಂದು ಹೇಳುವ 8(1)(ಜೆ) ಕಲಮಿನ ಷರತ್ತುಗಳನ್ನೇ ಮೊಟಕು ಮಾಡಿದೆ. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸಬಾರದು ಎಂಬ ಮಾತು ಅಲ್ಲಿಂದ ಹೋಯಿತು. ಪುನರ್ವಸತಿಯಲ್ಲಿ ಜಮೀನು ಪಡೆದವರ ಪಟ್ಟಿ ಕೇಳಿದರೆ ಅದು ವೈಯಕ್ತಿಕ ವಿವರವೇ, ಸಾರ್ವಜನಿಕ ದಾಖಲೆಯೇ? ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಇನ್ನೂ ಉಳಿದಿದೆ. ಅದನ್ನು ಹಿಡಿದು ವಾದಿಸಬಲ್ಲ ವಕೀಲರು ಸಾಗರದ ಕೋರ್ಟಿನಲ್ಲೇ ತಯಾರಾಗಬೇಕು.

ಅದಕ್ಕೇ ನನ್ನ ಆಸೆ, ಈ ವಿಷಯದ ಸ್ನಾತಕೋತ್ತರ ಓದು ಶಿವಮೊಗ್ಗದಲ್ಲಿ ಶುರುವಾಗಲಿ, ಕನ್ನಡದಲ್ಲೂ ವಾದಿಸಲು, ಬರೆಯಲು ಬಿಡಲಿ. ನೋಟ್ಸ್ ಬರೆಸುವುದು ಬೇಡ. ಮಿಡಿ ಬರುವ ಕಾಲಕ್ಕೆ ಹುಡುಗರನ್ನು ರಿಪ್ಪನ್‌ಪೇಟೆಯ ಬಸ್ಸು ಹತ್ತಿಸಿ, ಮಿಡಿ ಎಣಿಸುವವರ ಪಕ್ಕ ಕೂರಿಸಿ, ಅಧಿಕೃತ ಬಳಕೆದಾರರ ಅರ್ಜಿಯನ್ನು ಅವರ ಜೊತೆಗೇ ತುಂಬಿಸಲಿ.