ಅಣ್ಣನ ನಾಲ್ಕು ಬೆರಳು ಹೋದ್ವು, ಕಿವಿ ಹೋಗಿರಲಿಲ್ಲ

ನಾನು ಬಾಗಲಕೋಟಿ ಜಿಲ್ಲಾ ಜಮಖಂಡಿ ಕಡಿಯಾಂವ. ಜರ್ಮನಿಗೆ ಬಂದು ಒಂಬತ್ತು ವರ್ಷ ಆತು, ಸ್ಟುಟ್‌ಗಾರ್ಟ್ ಹತ್ರ ಒಂದು ಮಷೀನ್ ಪಾರ್ಟ್ಸ್ ಫ್ಯಾಕ್ಟರ್ಯಾಗ ಕ್ವಾಲಿಟಿ ಕೆಲಸ. ಬಹಳ ದಿನದಿಂದ ಬರೀಬೇಕು ಅಂತಿದ್ದೆ, ಈಗ ಬರ್ಯಾಕ ಕುಂತೀನಿ.

ನಮ್ಮಣ್ಣ ಊರ ಕಡೆ ಒಂದು ಸಕ್ಕರಿ ಫ್ಯಾಕ್ಟರ್ಯಾಗ ಫಿಟ್ಟರ್ ಇದ್ದ. ಅಂವಗ ಒಂದು ವಿದ್ಯೆ ಇತ್ತು, ಉದ್ದನ್ನ ಸ್ಕ್ರೂಡ್ರೈವರ್ ತಗೊಂಡು ಅದರ ತುದಿ ಬೇರಿಂಗ್ ಹೌಸಿಂಗಿಗೆ ಹಚ್ಚಿ ಹಿಡಿಕಿ ಕಿವಿಗೆ ಇಟ್ಕೊಂಡು ಕಣ್ಣು ಮುಚ್ಚಿ ನಿಂತ್ಬಿಡಾಂವ, ಅರ್ಧ ನಿಮಿಷ ಕೇಳಿ "ಇದು ಇನ್ನ ನಾಲ್ಕು ದಿನ ನಡೀತದ, ಆ ಕಡಿದು ಇವತ್ತ ಬಿಚ್ಚರಿ" ಅಂತ ಹೇಳಾಂವ, ಹಂಗ ಆಕ್ಕಿತ್ತು. 2014ರ ಸೀಜನ್‌ನ್ಯಾಗ ಕಬ್ಬಿನ ಕ್ಯಾರಿಯರ್ ಚೈನ್ ರಿಪೇರಿಗಿ ಇಳದಾಗ ಯಾರೋ ಮ್ಯಾಲಿಂದ ಮೋಟರ್ ಚಾಲೂ ಮಾಡಿದ್ರು. ಸ್ವಿಚ್ಚಿಗೆ ಲಾಕ್ ಹಾಕಿರಲಿಲ್ಲ. ಎಡಗೈ ನಾಲ್ಕು ಬೆರಳು ಹೋದ್ವು, ಹೆಬ್ಬೆರಳು ಒಂದು ಉಳೀತು.

ಆಮ್ಯಾಲ ಏನಾತು ಅಂದ್ರ ಪರಿಹಾರ. ಸಕ್ಕರಿ ಮಾಡೋ ಫ್ಯಾಕ್ಟರಿಗೆ ಇ.ಎಸ್.ಐ. (ಕೆಲಸಗಾರರ ವಿಮೆ) ಕಾಯ್ದೆಯೊಳಗ "ಸೀಜನಲ್" ಅಂತ ಹೆಸರು, ಅದಕ್ಕ ಇ.ಎಸ್.ಐ. ಹತ್ತಲಿಲ್ಲ, 1923ರ ಪರಿಹಾರ ಕಾಯ್ದೆ ಹತ್ತಿತು. ಅದರ ಹಿಂದ ಒಂದು ಪಟ್ಟಿ ಇತ್ತು, ಒಂದು ಕೈಯಿನ ನಾಲ್ಕು ಬೆರಳು ಹೋದ್ರ ಗಳಿಸೋ ಶಕ್ತಿ ಶೇ 50 ಹೋತು, ಹೆಬ್ಬೆರಳು ಒಂದ ಹೋದ್ರ ಶೇ 30, ಹಿಂಗ. ದುಡ್ಡು ಬಂತು, ಇಲ್ಲ ಅನ್ನಂಗಿಲ್ಲ, ಆ ದುಡ್ಡಿನ್ಯಾಗ ಮನಿ ಮಾಳಗಿ ರಿಪೇರಿ ಆತು. ಆದ್ರ ಆ "ಫಿಫ್ಟಿ ಪರ್ಸೆಂಟ್" ಅನ್ನೋ ಮಾತು ಅಣ್ಣನ ತಲ್ಯಾಗ ಹಂಗ ಕುಂತ್ಬಿಡ್ತು. ಫ್ಯಾಕ್ಟರಿ ಅವರು ಗೇಟಿನ್ಯಾಗ ಒಂದು ಕುರ್ಚಿ ಕೊಟ್ರು, ಒಳಗ ಹೋಗೋ ಕಬ್ಬಿನ ಟ್ರ್ಯಾಕ್ಟರ್ ನಂಬರ್ ಬರ್ಕೊಳ್ಳೋದು. ಎಲ್ಲಾರೂ ಪುಣ್ಯಾತ್ಮರು ಕೆಲಸ ಕೊಟ್ರು ಅಂದ್ರು. ನಾನೂ ಅಂದಿದ್ದೆ. ಮೂರು ಸೀಜನ್ ಕುಂತ, ನಾಲ್ಕನೇದಕ್ಕ ಅಂವ ಹೋಗಲೇ ಇಲ್ಲ. ಯಾಕ ಬಿಟ್ಟಿ ಅಂತ ಕೇಳಿದ್ರ, "ಗೇಟಿನ್ಯಾಗ ಕುಂತ್ರ ಮಿಲ್ಲಿನ ಸಪ್ಪಳ ಕೇಳ್ತದೋ, ಎಲ್ಲಿ ಕೆಟ್ಟದ ಗೊತ್ತಾಗ್ತದ, ಯಾರೂ ಬಂದು ಕೇಳಂಗಿಲ್ಲ" ಅಂದ.

ಇದನ್ನ ನಾನು ಮರ್ತೇಬಿಟ್ಟಿದ್ದೆ, ಇಲ್ಲಿ ನಾಲ್ಕು ವರ್ಷದ ಹಿಂದ ನನ್ನ ಬಾಜೂ ಲೈನಿನ ಒಬ್ಬ ಮನಷ್ಯಾನ ಕೈ ಪ್ರೆಸ್ಸಿನ್ಯಾಗ ಸಿಗೋವರೆಗೂ. ಎರಡು ಬೆರಳು ಹೋದ್ವು, ಉಳಿದದ್ದು ಸರಿಯಾಗಿ ಮಡಚಂಗಿಲ್ಲ. ಅಂವ ಇನ್ನೂ ಮನ್ಯಾಗ ಇದ್ದಾಗನ ಕಂಪನಿಯಿಂದ ಕಾಗದ ಹೋತು. ಇಲ್ಲಿ ಕಾಯ್ದೆ ಹೆಂಗ ಅಂದ್ರ, ಯಾವ ಕೆಲಸಗಾರ ಆಗಲಿ ಒಂದು ವರ್ಷದೊಳಗ ಆರು ವಾರಕ್ಕಿಂತ ಜಾಸ್ತಿ ಆರಾಮಿಲ್ಲದ ರಜಾ ಆದ್ರ ಮಾಲಕರೇ ಮುಂದ ಬಂದು ಕೇಳಬೇಕು, ನೀ ವಾಪಸ್ ಬರ್ಲಿಕ್ಕೆ ನಾವೇನು ಮಾಡೋಣ ಅಂತ. ಬರ್ತೀನಿ ಅನ್ನೋದು ಬಿಡೋದು ಅಂವನ ಖುಷಿ, ಕೇಳೋದು ಮಾತ್ರ ಕಂಪನಿ ಬಿಡಂಗಿಲ್ಲ. ಟೇಬಲ್ ಸುತ್ತ ಸೂಪರ್‌ವೈಸರ್, ಕಾರ್ಮಿಕರ ಕೌನ್ಸಿಲ್‌ನವರು, ಕಂಪನಿ ಡಾಕ್ಟರ್, ಅಂಗವಿಕಲ ನೌಕರರೇ ಓಟ್ ಹಾಕಿ ಆರಿಸಿದ ಪ್ರತಿನಿಧಿ, ಆಮ್ಯಾಲ ಒಬ್ಬ ಸೋಶಿಯಲ್ ವರ್ಕರ್ ಹೆಣ್ಮಗಳು. ಹೌದ್ರಿ, ಫ್ಯಾಕ್ಟರಿ ಒಳಗನ ಸೋಶಿಯಲ್ ವರ್ಕರ್, ಕಂಪನಿ ಪಗಾರ ಕೊಡ್ತದ, ಆದ್ರ ಕೆಲಸಗಾರ ಹೇಳಿದ ಮಾತು ಆಕಿ ಮ್ಯಾನೇಜರ್ ಮುಂದ ಹೇಳಂಗಿಲ್ಲ.

ಆಕಿ ಏನು ಮಾಡಿದ್ಲು ಅನ್ನೋದನ್ನ ನಾನು ಕಣ್ಣಾರೆ ನೋಡೀನಿ. ಅಂವನ ಜೋಡಿ ಶಾಪ್ ಫ್ಲೋರ್ ತುಂಬಾ ಅಡ್ಡಾಡಿದ್ಲು, ಒಂದೊಂದು ಮಷೀನ್ ಮುಂದ ನಿಂತು ಇದರಾಗ ಯಾವ ಕೆಲಸಕ್ಕ ಎರಡು ಕೈ ಬೇಕು ಯಾವುದಕ್ಕ ಒಂದ ಸಾಕು ಅಂತ ಅಂವನ ಬಾಯಿಂದನ ಹೇಳಿಸಿ ಬರ್ಕೊಂಡ್ಲು. ಒಂದು ಮಷೀನಿನ ಕ್ಲ್ಯಾಂಪ್ ಕೈಯಿಂದ ತಿರುವೋದಿತ್ತು, ಅದನ್ನ ಕಾಲಿನ ಪೆಡಲ್‌ಗೆ ಬದಲಿ ಮಾಡಿದ್ರು. ಖರ್ಚು ಅಪಘಾತ ವಿಮೆ ಸಂಸ್ಥೆ ಹಾಕಿತು. ಮೊದಲ ಎರಡು ವಾರ ದಿನಕ್ಕ ಎರಡು ತಾಸು, ಆಮ್ಯಾಲ ನಾಲ್ಕು, ಆಮ್ಯಾಲ ಆರು. ಮೊದಲನೇ ದಿನ ಅಂವ ಪ್ರೆಸ್ ಇದ್ದ ಕಡೆ ಹೋಗ್ಲಿಕ್ಕೆ ಆಗಲಾರದ ಬಾಗಿಲದಾಗ ನಿಂತು ಬಿಟ್ಟಿದ್ದ, ಮಾರಿ ಬೆಳ್ಳಗ ಆಗಿತ್ತು, ಆಕಿ ಒಂದು ಮಾತೂ ಆಡಲಿಲ್ಲ, ಕಾಫಿ ತಂದು ಕೈಗೆ ಕೊಟ್ಟು ಬಾಜೂಕ ಸುಮ್ಮನ ನಿಂತ್ಲು. ಆಗ ನನಗ ಅಣ್ಣ ನೆನಪಾದ. ಅಣ್ಣನ ಬಾಜೂಕ ಹಿಂಗ ಯಾರು ನಿಂತಿದ್ರು?

ಜರ್ಮನಿ ಸ್ವರ್ಗ ಅಂತ ನಾ ಹೇಳಾಕತ್ತಿಲ್ಲ. ಇಲ್ಲಿ ಅಂಗವಿಕಲರಿಗೆ ಕೆಲಸ ಕೊಡಬೇಕು ಅನ್ನೋ ಕಾಯ್ದೆ ಹುಟ್ಟಿದ್ದು ಮೊದಲನೇ ಮಹಾಯುದ್ಧದಾಗ ಕೈಕಾಲು ಕಳ್ಕೊಂಡು ಬಂದ ಸೈನಿಕರಿಗೆ ಕೆಲಸ ಕೊಡಸಾಕ, 1920ರಾಗ, ನೂರು ವರ್ಷ ದಾಟೇತಿ. 20 ಜನಕ್ಕಿಂತ ಕಡಿಮಿ ಇಲ್ಲದ ಕಂಪನಿ ಶೇ 5 ಜಾಗ ಹೆಚ್ಚಿನ ಅಂಗವೈಕಲ್ಯ ಇದ್ದವರಿಗೆ ಕೊಡಬೇಕು, ಕೊಡದಿದ್ರ ಖಾಲಿ ಜಾಗಕ್ಕ ಇಂತಿಷ್ಟು ಅಂತ ತಿಂಗಳಾ ದಂಡ, 2024ರಾಗ ದೊಡ್ಡ ಕಂಪನಿ ಒಬ್ಬರನ್ನೂ ತಗೊಳ್ಳದಿದ್ರ ಒಂದು ಜಾಗಕ್ಕ ತಿಂಗಳಿಗೆ 720 ಯೂರೋ ಅಂತ ಏರಿಸಿದ್ರು. ಆ ದಂಡದ ದುಡ್ಡ ಮತ್ತ ಇಂಥಾ ಜನರ ಕೆಲಸದ ಅನುಕೂಲಕ್ಕ ಹೋಗ್ತದ, ಅದು ಚಲೋ. ಆದ್ರೂ ಈ ಲೆಕ್ಕಕ್ಕ ಬರೋ ಕಂಪನಿಗಳಾಗ ಸುಮಾರು ಕಾಲು ಭಾಗ ಒಬ್ಬರನ್ನೂ ತಗೊಂಡಿಲ್ಲ, ದಂಡ ಕಟ್ಟಿ ಕೈ ತೊಳ್ಕೊಂತಾವ. ಇನ್ನ ಹೆಚ್ಚಾಗಿ ಬುದ್ಧಿಮಾಂದ್ಯ ಇರೋರ ಸಲುವಾಗಿ ಬ್ಯಾರೆ ವರ್ಕ್‌ಶಾಪ್ ಅದಾವ, ಸುಮಾರು 3 ಲಕ್ಷ ಜನ ಅಲ್ಲಿ ದುಡೀತಾರ, ಅವರಿಗೆ ದೇಶದ ಕನಿಷ್ಠ ಕೂಲಿ ಕಾಯ್ದೆ ಹತ್ತಂಗಿಲ್ಲ. ಇದು ಅನ್ಯಾಯ ಅಂತ ನನಗ ಅನಸ್ತದ, ಇಲ್ಲಿಯವರೇ ಭಾಳ ಮಂದಿ ಹಂಗ ಅಂತಾರ.

ಮತ್ತ ನಮ್ಮ ಕಡೆ ಏನೂ ಇಲ್ಲ ಅಂತನೂ ಅಲ್ಲ. ನಮ್ಮ ಮಾವನ ಊರು ಬನಹಟ್ಟಿ, ಸಣ್ಣವರಿದ್ದಾಗ ಸೂಟಿಗೆ ಹೋದ್ರ ಪವರ್‌ಲೂಮ್ ಶೆಡ್ಡಿನ್ಯಾಗ ಆಟ. ಅಲ್ಲಿ ಹುಟ್ಟಿನಿಂದ ಕಿವಿ ಕೇಳದ ಒಬ್ಬ ನೇಕಾರ ಇದ್ದ. ಆ ಶೆಡ್ಡಿನ್ಯಾಗ ಮಗ್ಗದ ಸಪ್ಪಳಕ್ಕ ಯಾರ ಮಾತೂ ಯಾರಿಗೂ ಕೇಳಂಗಿಲ್ಲ, ಎಲ್ಲಾರೂ ಕೈಸನ್ನಿ, ನೂಲು ಹರೀತು ಅಂದ್ರ ಹಿಂಗ, ಚಾ ಬಂತು ಅಂದ್ರ ಹಿಂಗ, ಮಾಲಕ ಬಂದ ಅಂದ್ರ ಮೀಸಿ ತಿರುವಿ ತೋರ್ಸೋದು. ಆ ಸನ್ನಿ ಒಳಗ ಎಲ್ಲಾರಿಗಿಂತ ಚುರುಕು ಅಂವನ. ಅವನನ್ನ ಯಾರೂ ಪಾಪ ಅನ್ನಲಿಲ್ಲ. ಓಣ್ಯಾಗ ಕಾಲು ಇಲ್ಲದ ಒಬ್ಬಾಕಿ ಅಜ್ಜಿ ಮಗ್ಗದ ನೂಲಿನ ಕಂಡಿಕಿ ಸುತ್ತತಿದ್ಲು, ಕುಣಿಮಗ್ಗಕ್ಕ ಎರಡೂ ಕಾಲು ಬೇಕು, ಕಂಡಿಕಿಗೆ ಬ್ಯಾಡ, ಇದನ್ನ ಯಾವ ಕಾಗದನೂ ಇಲ್ಲದಂಗ ಮಂದಿ ತಿಳ್ಕೊಂಡಿದ್ರು. ಕೆಲಸ ನೋಡಿ ಮನಷ್ಯಾನ್ನ ಕೂಡಿಸೋ ಈ ಬುದ್ಧಿ ನಮ್ಮ ಹಿರಿಯಾರಿಗೆ ಇತ್ತು. ಆದ್ರ ಅದು ಗುರುತಿನವರಿಗೆ ಮಾತ್ರ ನಡೀತದ, ಓಣಿ ದಾಟಿ ಐದುನೂರು ಜನರ ಫ್ಯಾಕ್ಟರಿಗೆ ಬಂದ್ರ ಯಾರು ಯಾರನ್ನ ನೋಡ್ಬೇಕು.

ಇಲ್ಲೇ ನೋಡ್ರಿ ನನಗ ಸಂಕಟ ಆಗೋದು. ಜರ್ಮನಿಯೊಳಗ ಕಂಪನಿ ಸೋಶಿಯಲ್ ವರ್ಕರ್‌ನ ಇಟ್ಕೊಳ್ಳಲೇಬೇಕು ಅಂತ ಕಾಯ್ದೆ ಇಲ್ಲ, ದೊಡ್ಡ ಕಂಪನಿಗಳು ತಾವಾಗೇ ಇಟ್ಕೊಂಡಾವ. ನಮ್ಮ ದೇಶದಾಗ ಕಾಯ್ದೆನ ಇತ್ತು! 1948ರ ಫ್ಯಾಕ್ಟರಿ ಕಾಯ್ದೆ 49ನೇ ಸೆಕ್ಷನ್, 500 ಕೆಲಸಗಾರರು ಇದ್ದಲ್ಲಿ ವೆಲ್‌ಫೇರ್ ಆಫೀಸರ್ ಇರಬೇಕು, 2020ರ ಹೊಸ ಕಾರ್ಮಿಕ ಸಂಹಿತೆಯೊಳಗ ಅದನ್ನ 250ಕ್ಕ ಇಳಿಸ್ಯಾರ. ಧಾರವಾಡದಾಗ ಎಮ್.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಡಿಗ್ರಿ) ಮಾಡಿದ ಹುಡುಗರು ಇದೇ ಕೆಲಸಕ್ಕ ಹೋಗ್ತಾರ. ಅಣ್ಣನ ಫ್ಯಾಕ್ಟರ್ಯಾಗೂ ಒಬ್ರು ಇದ್ರು, ಚಲೋ ಮನಷ್ಯಾ, ಆದ್ರ ಅವರ ಕೈಗೆ ಕ್ಯಾಂಟೀನ್, ಹಾಜರಿ, ಬೋನಸ್ ಜಗಳ ಇಷ್ಟ ಕೊಟ್ಟಿದ್ರು. ದವಾಖಾನಿಗೆ ಹಣ್ಣು ತಗೊಂಡು ಬಂದಿದ್ರು ಪಾಪ, ಫಾರ್ಮಿಗೆ ಸಹಿ ತಗೊಂಡು ಹೋದ್ರು. ಮುಂದ ಯಾವ ಕೆಲಸ ಮಾಡ್ತಿ ಅಂತ ಕೇಳೋದು ಅವರ ಕೆಲಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಾಗ ನಾನು ಆಸೆಯಿಂದ ಓದಿದೆ. 7 ಇದ್ದ ಅಂಗವೈಕಲ್ಯ 21 ಆದ್ವು, ಸರ್ಕಾರಿ ನೌಕರಿ ಮೀಸಲಾತಿ ಶೇ 3 ಇದ್ದದ್ದು ಶೇ 4 ಆತು. ನೌಕರ್ಯಾಗ ಇದ್ದಾಗ ಕೈಕಾಲು ಹೋದ್ರ ಕೆಲಸದಿಂದ ತೆಗೀಬಾರದು, ಕೆಳಗಿನ ಹುದ್ದೆಗೆ ಇಳಿಸಬಾರದು, ಆ ಕೆಲಸ ಆಗದಿದ್ರ ಅದೇ ಪಗಾರದ ಬ್ಯಾರೆ ಕೆಲಸಕ್ಕ ಹಾಕಬೇಕು ಅಂತ 20ನೇ ಸೆಕ್ಷನ್‌ನ್ಯಾಗ ಐತಿ. ಓದಿ ಎದಿ ತುಂಬಿ ಬಂತು, ಮತ್ತೊಮ್ಮೆ ಓದಿದೆ, "ಸರ್ಕಾರಿ ಸಂಸ್ಥೆ" ಅಂತ ಬರ್ದಾರ. ನಮ್ಮ ಜಿಲ್ಲಾದ ಸಕ್ಕರಿ, ಸಿಮೆಂಟ್, ಮಗ್ಗ, ಇಳಕಲ್ಲಿನ ಗ್ರಾನೈಟ್, ಇವುಗಳಾಗ ಬೆರಳು ಕಳ್ಕೊಳ್ಳೋರು ಹೆಚ್ಚಿನಂಶ ಖಾಸಗಿಯವರು. ಅವರಿಗೆ ಈ ಸಾಲು ಇಲ್ಲ. ಖಾಸಗಿಯವರು ಶೇ 5 ಜನರನ್ನ ತಗೊಂಡ್ರ ಸರ್ಕಾರ ಪ್ರೋತ್ಸಾಹ ಕೊಡ್ತದಂತ, ಒತ್ತಾಯ ಇಲ್ಲ.

ಇನ್ನೊಂದು ನಮ್ಮಲ್ಲಿ ಇರೋದು, ಇಲ್ಲಿ ಯಾರಿಗರೆ ಹೇಳಿದ್ರ ಹೌದೇನು ಅಂತಾರ, ಗ್ರಾಮ ಪಂಚಾಯ್ತಿಗೊಬ್ಬರು ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲೂಕಿಗೆ ಎಮ್.ಆರ್.ಡಬ್ಲ್ಯೂ. (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು). ಇವರು ಸ್ವತಃ ಅಂಗವಿಕಲರು, ಸಣ್ಣ ಗೌರವಧನಕ್ಕ ತ್ರಿಚಕ್ರ ಸ್ಕೂಟರ್ ಮ್ಯಾಲ ಮನಿಮನಿಗೆ ಹೋಗಿ ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ಪಿಂಚಣಿ ಮಾಡಸ್ತಾರ. ನಮ್ಮೂರಿನ ವಿ.ಆರ್.ಡಬ್ಲ್ಯೂ.ಗೆ ಯಾರ ಮನ್ಯಾಗ ಯಾರು ಏನು ಕೆಲಸ ಬಲ್ಲರು ಅನ್ನೋದು ಬಾಯಿಪಾಠ. ಫ್ಯಾಕ್ಟರಿ ಗೇಟಿನ ಒಳಗ ಹೋಗಾಕ ಮಾತ್ರ ಅವರಿಗೆ ಹಕ್ಕಿಲ್ಲ. ಒಳಗ ಇರೋ ವೆಲ್‌ಫೇರ್ ಆಫೀಸರ್‌ಗೆ ಊರು ಗೊತ್ತಿಲ್ಲ, ಹೊರಗ ಇರೋ ಇವರಿಗೆ ಮಷೀನ್ ಗೊತ್ತಿಲ್ಲ. ಇಬ್ಬರನ್ನೂ ತಿಂಗಳಿಗೊಮ್ಮೆ ಒಂದು ಟೇಬಲ್ಲಿಗೆ ಕೂಡಿಸಿ, ಪೆಟ್ಟು ಬಿದ್ದು ಮನ್ಯಾಗ ಕುಂತವರ ಹೆಸರು ಒಂದೊಂದಾಗಿ ತಗೀರಿ, ಇಷ್ಟಕ್ಕ ಜರ್ಮನಿ ರೊಕ್ಕ ಬೇಕಾಗಿಲ್ಲ. ಜಿಲ್ಲಾಡಳಿತ ಮನಸ್ಸು ಮಾಡಿದ್ರ ಸಕ್ಕರಿ ಫ್ಯಾಕ್ಟರಿಗಳಿಂದಲೇ ಶುರು ಮಾಡಬಹುದು.

ಅಣ್ಣ ಈಗ ಮನಿ ಮುಂದ ಹಿಟ್ಟಿನ ಗಿರಣಿ ಹಾಕ್ಯಾನ. ಹೋದ ವರ್ಷ ಹೋದಾಗ ನೋಡಿದೆ, ಜ್ವಾಳ ಹಾಕಿ ಗಿರಣಿ ಚಾಲೂ ಮಾಡಿ, ಆ ಹಳೇ ಸ್ಕ್ರೂಡ್ರೈವರ್ ಬಲಗೈಲೆ ಹಿಡ್ಕೊಂಡು ಕಿವಿಗೆ ಇಟ್ಕೊಂಡು ನಿಂತಿದ್ದ, ಉಳಿದ ಒಂದು ಹೆಬ್ಬೆರಳನ್ನ ಮಷೀನಿನ ಮ್ಯಾಲ ಊರಿ. ವಯಸ್ಸು ಐವತ್ತು, ಇನ್ನೂ ಹತ್ತು ಸೀಜನ್ ದುಡ್ಯೋ ಶಕ್ತಿ ಐತಿ. ಈ ಸಲ ನವೆಂಬರ್‌ನ್ಯಾಗ ಕಬ್ಬು ನುರ್ಸೋದು ಶುರು ಆಗೋ ಹೊತ್ತಿಗೆ ರಜಾ ತಗೊಂಡೀನಿ. ವಿ.ಆರ್.ಡಬ್ಲ್ಯೂ. ಜೋಡಿ ಫೋನಿನ್ಯಾಗ ಮಾತಾಗೇತಿ, ಇಬ್ಬರೂ ಫ್ಯಾಕ್ಟರಿಗೆ ಹೋಗಿ ಈಗಿನ ವೆಲ್‌ಫೇರ್ ಆಫೀಸರ್‌ನ ಕಂಡು ಒಂದ ಕೇಳೋದು, ಇಂವನ್ನ ವರ್ಕ್‌ಶಾಪಿನ್ಯಾಗ ತಗೋರಿ, ಬಿಚ್ಚೋದು ಹಾಕೋದು ಐ.ಟಿ.ಐ. ಹುಡುಗರು ಮಾಡ್ಲಿ, ಯಾವುದು ಬಿಚ್ಚಬೇಕು ಅಂತ ಇಂವ ಹೇಳ್ತಾನ. ಅಣ್ಣಗ ಇನ್ನೂ ಹೇಳಿಲ್ಲ.